ಬೆಂಕಿ ಮುಟ್ಟದ ಅಡುಗೆ

ಶಿಗೆಕೊಗೆ ಸಾಕಾಗಿತ್ತು. ಹನ್ನೊಂದು ವರ್ಷದಿಂದ ಅವಳು ಕಾಲೊನಿಯ ಮಹಿಳಾ ಸಂಘದ ಅಧ್ಯಕ್ಷೆ. ಅಧ್ಯಕ್ಷೆ ಎಂದರೆ ವೇದಿಕೆ, ಹಾರ, ಭಾಷಣ ಎಂದುಕೊಂಡವರು ರಿಬೇಯ್ರಾ ನದಿ ಕಣಿವೆಯ ನಮ್ಮ ಜಪಾನಿ ಕಾಲೊನಿಗಳಲ್ಲಿ ಒಂದು ದಿನವೂ ಕಳೆದವರಲ್ಲ. ಇಲ್ಲಿ ಅಧ್ಯಕ್ಷೆ ಎಂದರೆ ಎಲ್ಲರಿಗಿಂತ ಮೊದಲು ಸಭಾಭವನಕ್ಕೆ ಬಂದು ಅಕ್ಕಿ ತೊಳೆಯುವವಳು, ಎಲ್ಲರೂ ಹೋದ ಮೇಲೆ ನೆಲ ಒರೆಸುವವಳು. ಮಕ್ಕಳ ಓಟದ ಹಬ್ಬಕ್ಕೆ ಕಡಲಪಾಚಿಯ ಹಾಳೆಯಲ್ಲಿ ಅನ್ನ ಸುತ್ತಿದ ಸುಶಿ ಇನ್ನೂರು ಸುರುಳಿ, ಹಿರಿಯರ ದಿನಕ್ಕೆ ನೂರೈವತ್ತು, ಯಾರಾದರೂ ತೀರಿಕೊಂಡರೆ ನಲವತ್ತೊಂಬತ್ತನೆಯ ದಿನಕ್ಕೆ ನೂರು. ಈಚೆಗೆ ತೀರಿಕೊಳ್ಳುವವರು ಜಾಸ್ತಿಯಾಗಿದ್ದರು, ಸುಶಿ ಸುತ್ತುವ ಕೈಗಳು ಕಡಿಮೆಯಾಗಿದ್ದವು. ಅರವತ್ತಾರು ವರ್ಷದ ಶಿಗೆಕೊ ಗಾಣದೆತ್ತಿನಂತೆ ಅದೇ ಅಡುಗೆಮನೆಯನ್ನು ಸುತ್ತುತ್ತಿದ್ದಳು. ಸೊಂಟದಿಂದ ಹಿಮ್ಮಡಿಯವರೆಗೆ ಒಂದು ನೋವು ಇಳಿಯುತ್ತಿತ್ತು. ಅದನ್ನು ಯಾರಿಗೂ ಹೇಳುತ್ತಿರಲಿಲ್ಲ, ಹೇಳಿದರೆ ಅವರ ನೋವಿನ ಕಥೆಯನ್ನೇ ತಿರುಗಿ ಕೇಳಬೇಕಾಗುತ್ತಿತ್ತು.

ಕಳೆದ ತಿಂಗಳ ಸಭೆಯಲ್ಲಿ ಅವಳು ಕೊನೆಗೂ ಬಾಯಿಬಿಟ್ಟಳು. ನನ್ನನ್ನು ಬಿಟ್ಟುಬಿಡಿ ಎಂದಳು.

"ಬಿಡೋದೇನೋ ಬಿಡಬಹುದು. ಯಾರ ಕೈಗೆ ಕೊಡ್ತೀಯಾ?" ಎಂದಳು ತೊಮೊಯೆ ಅಜ್ಜಿ. ಎಂಬತ್ತನಾಲ್ಕು ವರ್ಷದ ತೊಮೊಯೆ ಯಾವ ಹುದ್ದೆಯಲ್ಲೂ ಇರಲಿಲ್ಲ. ಆದರೆ ಅವಳು ತಲೆಯಾಡಿಸದೆ ಆ ಸಂಘದಲ್ಲಿ ಒಂದು ಚಮಚವೂ ಜಾಗ ಬದಲಾಯಿಸುತ್ತಿರಲಿಲ್ಲ.

"ನನ್ನ ಸೊಸೆಗೆ" ಎಂದಳು ಶಿಗೆಕೊ.

ಯಾರೂ ಬೇಡ ಎನ್ನಲಿಲ್ಲ. ಬೇಡ ಎನ್ನುವುದು ನಮ್ಮವರ ಪದ್ಧತಿಯಲ್ಲ. ಎಲ್ಲರೂ ತಮ್ಮ ತಮ್ಮ ಚಹಾ ಬಟ್ಟಲು ನೋಡಿಕೊಂಡರು, ಅಷ್ಟೇ. ಸೊಸೆ ಜಾಂದೀರಾ ಜಪಾನಿ ಮನೆತನದವಳಲ್ಲ. ನದಿಯ ಮೇಲ್ದಂಡೆಯಲ್ಲಿ, ಓಡಿಬಂದ ಗುಲಾಮರು ಹಿಂದೆ ಕಟ್ಟಿಕೊಂಡ ಕಪ್ಪು ಜನರ ಹಳ್ಳಿಯವಳು. ಅವಳಪ್ಪ ಕಾಡಿನಲ್ಲಿ ತಾಳೆಯ ತಿರುಳು ಕಡಿದು ಬದುಕಿದವನು. ಬಾಳೆಗೊನೆಯ ಲಾರಿ ಓಡಿಸುವ ಶಿಗೆಕೊಳ ಮಗನನ್ನು ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಒಂಬತ್ತು ವರ್ಷವೂ ಸಂಘದ ಒಂದು ಕೆಲಸ ತಪ್ಪಿಸಿರಲಿಲ್ಲ. ಅವಳ ಕೈಗೆ ಪಾತ್ರೆ ಉಜ್ಜುವ ನಾರು ಬಂದಿತ್ತು, ಈರುಳ್ಳಿ ಬಂದಿತ್ತು, ಕಸದ ಚೀಲ ಬಂದಿತ್ತು. ಸುಶಿ ಸುತ್ತುವ ಬಿದಿರು ಚಾಪೆ ಮಾತ್ರ ಬಂದಿರಲಿಲ್ಲ. ಅದನ್ನು ಕೊಡದವರಲ್ಲಿ ಶಿಗೆಕೊ ಕೂಡ ಒಬ್ಬಳು ಎನ್ನುವುದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ.

ಅದೇ ಹೊತ್ತಿಗೆ ಗುಡ್ಡದ ಮೇಲಿನ ಧ್ಯಾನದ ಮನೆಯವರಿಂದ ಒಂದು ವಿಚಿತ್ರ ಬೇಡಿಕೆ ಬಂತು. ಸಾವೊ ಪಾವ್ಲೊ ಕಡೆಯ ಮೂವತ್ತು ಜನ, ಭಾನುವಾರ ಮಧ್ಯಾಹ್ನ ಸಭಾಭವನದಲ್ಲಿ ಊಟ. ಅವರು ಮೀನು ಮುಟ್ಟುವುದಿಲ್ಲ, ಮೊಟ್ಟೆ ಹಾಲು ಜೇನು ಇಲ್ಲ, ಬೆಂಕಿ ಕಂಡ ಯಾವ ಪದಾರ್ಥವನ್ನೂ ತಿನ್ನುವುದಿಲ್ಲ. ಅಂಥವರಿಗೆ ಸುಶಿ ಬೇಕಂತೆ, ಅನ್ನವಿಲ್ಲದ ಸುಶಿ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾತ್ರೆ ತೊಳೆಯುತ್ತಿದ್ದ ಜಾಂದೀರಾ ತಿರುಗಿ, "ಮಾಡಬಹುದು. ಪುಪುನ್ಯಾ ತಾಳೆಯ ತಿರುಳನ್ನ ಹಸಿಯಾಗೇ ಅಕ್ಕಿ ಕಾಳಿನಷ್ಟು ಮಾಡ್ಕೊಂಡ್ರೆ ಆಗುತ್ತೆ" ಎಂದಳು.

ತೊಮೊಯೆ ಅವಳನ್ನು ಒಂದು ಗಳಿಗೆ ನೋಡಿದಳು. "ಆಗ್ಲಿ. ಭಾನುವಾರದ ಊಟ ಇವಳೇ ನಡೆಸ್ಲಿ. ಸರಿಹೋದ್ರೆ ಶಿಗೆಕೊ ಮನೆಗೆ ಹೋಗಿ ಕಾಲು ಚಾಚ್ಕೊಳ್ಳಲಿ. ಇಲ್ದಿದ್ರೆ ಈ ಮಾತು ಮತ್ತೆ ಎತ್ತಬಾರದು."

ಹೀಗೆ ಶಿಗೆಕೊಳ ಬಿಡುಗಡೆಯೂ ಜಾಂದೀರಾಳ ಮರ್ಯಾದೆಯೂ ಒಂದೇ ಊಟಕ್ಕೆ ಗಂಟುಬಿದ್ದವು.

ಭಾನುವಾರ ಬೆಳಗ್ಗೆ ಏಳಕ್ಕೇ ಐದು ಜನ ಸೇರಿದರು. ಜಾಂದೀರಾ ನಾಲ್ಕಕ್ಕೇ ಎದ್ದು ತನ್ನ ತಮ್ಮನ ತೋಟದಿಂದ ಎಳೆಯ ಪುಪುನ್ಯಾ ತಾಳೆಯ ತಿರುಳು ತಂದಿದ್ದಳು, ಮಗುವಿನ ತೋಳಿನಷ್ಟು ದಪ್ಪ, ಹಾಲಿನ ಬಿಳುಪು. ಅದನ್ನು ತುಂಡು ಮಾಡಿ ಮಿಕ್ಸಿಗೆ ಹಾಕಿ, ಗುಂಡಿ ಒತ್ತಿ ಒತ್ತಿ ಬಿಟ್ಟು, ಹಿಟ್ಟಾಗುವ ಮುಂಚೆ ನಿಲ್ಲಿಸಿದಳು. ಬಟ್ಟೆಯಲ್ಲಿ ಕಟ್ಟಿ ಹಿಂಡಿದಳು. ನೆನೆಸಿದ ಗೋಡಂಬಿಯನ್ನು ರುಬ್ಬಿ, ಅಂಟಿಗಿರಲಿ ಎಂದು ಸ್ವಲ್ಪವೇ ಕಲಸಿದಳು. ದೂರದಿಂದ ನೋಡಿದರೆ ಅನ್ನವೇ.

ತೊಮೊಯೆ ಎರಡು ಬೆರಳಲ್ಲಿ ತೆಗೆದು ಬಾಯಿಗೆ ಹಾಕಿಕೊಂಡಳು. "ನಮ್ಮಪ್ಪ ಇದೇ ಮಣ್ಣಲ್ಲಿ ಮೂವತ್ತು ವರ್ಷ ಭತ್ತ ಬೆಳೆದ. ಇದನ್ನ ಅಕ್ಕಿ ಅಂತ ಕರೆದಿದ್ದು ಕೇಳಿದ್ರೆ ಇನ್ನೊಂದ್ಸಲ ಸಾಯ್ತಿದ್ದ."

"ಅಕ್ಕಿ ಅಂತ ನಾನು ಹೇಳಿಲ್ಲ ಅಜ್ಜಿ. ಅಕ್ಕಿ ಕೆಲಸ ಮಾಡುತ್ತೆ ಅಂದೆ" ಎಂದಳು ಜಾಂದೀರಾ.

"ನಮ್ಮ ಮನೆ ಗಂಡಸರ ಥರ ಅನ್ನು. ಹೆಸರು ಒಬ್ಬರದು, ಕೆಲಸ ಇನ್ನೊಬ್ಬರದು" ಎಂದಳು ನೋಬುಯೊ. ಸಂಘದ ಖಜಾಂಚಿಯಾದ ನೋಬುಯೊಗೆ ನಗಿಸುವ ಚಟ. ಎಲ್ಲರೂ ನಕ್ಕರು. ತೊಮೊಯೆ ಕೂಡ ಮೂಗಿನಲ್ಲಿ ಒಂದು ಸದ್ದು ಮಾಡಿದಳು.

ಜಾಂದೀರಾ ಕಟ್ಟುನಿಟ್ಟಾಗಿ ಹೇಳಿದಳು. ಉಪ್ಪು, ನಿಂಬೆರಸ ಕೊನೆಯ ಗಳಿಗೆಯಲ್ಲಿ. ಅನ್ನಕ್ಕೆ ಹಾಕಿದಂತೆ ಮೊದಲೇ ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ. ಒಲೆಯ ಮೇಲೆ ನಮಗೆ ಕಾಫಿ ಮಾತ್ರ, ಊಟದ ಯಾವುದೂ ಅದರ ಹತ್ತಿರ ಹೋಗಬಾರದು. ಸುತ್ತುವ ಕಡಲಪಾಚಿಯ ಹಾಳೆ, ನೋರಿ, ಅದೂ ಹಸಿಯದೇ. ಅಂಗಡಿಯಲ್ಲಿ ಸಿಗುವುದೆಲ್ಲ ಕಾಯಿಸಿದ್ದೆಂದು ಪರಿಚಯದವರಿಗೆ ಹೇಳಿ ನಗರದಿಂದ ತರಿಸಿದ ಅರವತ್ತು ಹಾಳೆ. ಕಪ್ಪು ನೇರಳೆ ಬಣ್ಣ. "ಬೆಂಕಿ ಮುಟ್ಟಿಲ್ಲ ಅಂತ ಅವರಿಗೆ ನಾನು ಮಾತು ಕೊಟ್ಟಿದ್ದೀನಿ" ಎಂದಳು.

ಎಂಟೂವರೆಗೆ ಅವಳು ಮಾವಿನಹಣ್ಣು, ಬೆಣ್ಣೆಹಣ್ಣು ಇಳಿಸಿಕೊಳ್ಳಲು ಗಾಡಿಯ ಹತ್ತಿರ ಹೋದಳು. ಉಳಿದ ಮೂವರು ಮೇಜು ಜೋಡಿಸಲು ಹಾಲ್‌ಗೆ ಹೋದರು. ಅಡುಗೆಮನೆಯಲ್ಲಿ ಶಿಗೆಕೊ ಒಬ್ಬಳೇ. ಒಲೆಯ ಮೇಲಿನ ಕಾಫಿ ನೀರು ಕುದಿಯಿತು, ಇಳಿಸಿ ಪಕ್ಕಕ್ಕಿಟ್ಟಳು. ಉರಿ ಹಾಗೇ ಇತ್ತು. ಕಾಲಿನ ನೋವು ಇಳಿಯಲೆಂದು ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕಿ ನಿಂತಳು. ಇದೇ ಕೊನೆ, ನಾಳೆಯಿಂದ ಮಲಗುವೆ, ಎಂಟರವರೆಗೂ ಮಲಗುವೆ, ಎದ್ದು ಬರೀ ಕಿಟಕಿ ನೋಡುವೆ ಎಂದು ಯೋಚಿಸುತ್ತಿದ್ದಳು. ಸುಖದ ಯೋಚನೆ ಅವಳಿಗೆ ಅಪರೂಪ, ಅದರಲ್ಲಿ ಮುಳುಗಿಹೋದಳು.

ಮೂಗಿಗೆ ಕಡಲಿನ ಘಮ ಬಡಿದಾಗ ಎಚ್ಚರವಾಯಿತು.

ಅವಳ ಕೈಯಲ್ಲಿ ಎರಡು ನೋರಿ ಹಾಳೆಗಳಿದ್ದವು, ನುಣುಪು ಮೈ ಒಳಗಾಗಿ ಜೋಡಿಸಿದ್ದು, ಉರಿಯ ಮೇಲೆ ಆಚೆ ಈಚೆ ಆಡುತ್ತಿದ್ದವು. ನಮ್ಮ ಹೆಂಗಸರು ಸುತ್ತುವ ಮುಂಚೆ ನೋರಿಯನ್ನು ಹಾಗೇ ಬಿಸಿ ತೋರಿಸುವುದು. ಅವ್ವ ತೋರಿಸುತ್ತಿದ್ದಳು, ಅವಳ ಅವ್ವ ತೋರಿಸುತ್ತಿದ್ದಳು. ನಲವತ್ತು ವರ್ಷ ಶಿಗೆಕೊ ತೋರಿಸಿದ್ದಳು. ಒಲೆ ಉರಿಯುತ್ತಿದೆ, ಪಕ್ಕದಲ್ಲಿ ನೋರಿ ಇದೆ, ಕೈ ತನ್ನ ಕೆಲಸ ಮಾಡಿಮುಗಿಸಿತ್ತು. ಎಡಗಡೆ ಕಪ್ಪು ನೇರಳೆಯ ಹಾಳೆ ಒಂದೂ ಉಳಿದಿರಲಿಲ್ಲ. ಬಲಗಡೆ ಎಲ್ಲವೂ ಗರಿಗರಿಯಾಗಿ, ಹಸಿರಾಗಿ, ನೀಟಾಗಿ ಜೋಡಿಸಿಕೊಂಡು ಕೂತಿದ್ದವು.

ಬಾಗಿಲಲ್ಲಿ ಮಾವಿನ ಬುಟ್ಟಿ ಹಿಡಿದ ಜಾಂದೀರಾ ನಿಂತಿದ್ದಳು. ಅವಳು ಹಸಿರು ರಾಶಿ ನೋಡಿದಳು, ಅತ್ತೆಯ ಕೈ ನೋಡಿದಳು. ಏನೂ ಹೇಳದೆ ಬುಟ್ಟಿ ಕೆಳಗಿಟ್ಟು ಬಂದು ಒಲೆಯ ಗುಂಡಿ ತಿರುಗಿಸಿದಳು. ಅದೇ ಗಳಿಗೆಗೆ ಘಮ ಹಿಡಿದು ತೊಮೊಯೆ, ಅವಳ ಹಿಂದೆ ನೋಬುಯೊ ಮತ್ತು ಇನ್ನೊಬ್ಬಳು ಬಂದರು. ಅವರ ಕಣ್ಣಿಗೆ ಬಿದ್ದದ್ದು ಒಲೆಯ ಗುಂಡಿಯ ಮೇಲೆ ಜಾಂದೀರಾಳ ಕೈ.

"ನೋರಿ ಬೆಂಕಿಗೆ ಹಿಡಿದ್ಯಾ?" ತೊಮೊಯೆಯ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಬೆಂಕಿ ಬೇಡ ಬೆಂಕಿ ಬೇಡ ಅಂತ ಬೆಳಗ್ಗೆಯಿಂದ ನಮಗೆಲ್ಲ ಪಾಠ ಹೇಳಿದವಳು ನೀನೇ ಅಲ್ವಾ?"

ಜಾಂದೀರಾ ಅತ್ತೆಯತ್ತ ನೋಡಿದಳು. ದೂರುವ ನೋಟವಲ್ಲ ಅದು, ಸುಮ್ಮನೆ ಕಾಯುವ ನೋಟ. ಒಬ್ಬರು ಮಾತಾಡುವ ಸರದಿ ಬಂದಾಗ ಇನ್ನೊಬ್ಬರು ಜಾಗ ಬಿಟ್ಟುಕೊಡುತ್ತಾರಲ್ಲ, ಹಾಗೆ.

ಶಿಗೆಕೊ ಮಾತಾಡಲಿಲ್ಲ.

ಬಾಯಿ ತೆರೆಯುವಷ್ಟು ತ್ರಾಣವೂ ಇರಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಅದು ಅರ್ಧ ನಿಜ. ನಲವತ್ತು ವರ್ಷ ಆ ಅಡುಗೆಮನೆಯಲ್ಲಿ ಯಾರೂ ಅವಳಿಗೆ ತಪ್ಪು ಎಂದಿರಲಿಲ್ಲ ಎನ್ನುವುದು ಉಳಿದರ್ಧ. ದಣಿದವರೆಲ್ಲ ಒಳ್ಳೆಯವರು ಎಂದು ನಾವು ನಂಬುತ್ತೇವೆ. ದಣಿವಿನ ಹಿಂದೆ ಹೆಮ್ಮೆ ಬೆಚ್ಚಗೆ ಅಡಗಿ ಕೂರಬಲ್ಲದು.

ಜಾಂದೀರಾ ಎಷ್ಟು ಕಾಯಬೇಕೋ ಅಷ್ಟು ಕಾದಳು. ಆಮೇಲೆ, "ಆಗಿಹೋಯ್ತು ಅಜ್ಜಿ" ಎಂದಳು.

"ಆಗಿಹೋಯ್ತಂತೆ. ಇದಕ್ಕೇ ನಾನು ಹೇಳಿದ್ದು. ಕೈಗೆ ಅಭ್ಯಾಸ ಅನ್ನೋದು ರಕ್ತದಲ್ಲಿ ಬರಬೇಕು. ನೋಡಿದ್ಯಾ ಶಿಗೆಕೊ, ಇವಳ ಕೈಗೆ ಕೊಡ್ತೀನಿ ಅಂದ್ಯಲ್ಲ?"

ಅಭ್ಯಾಸ ರಕ್ತದಲ್ಲೇ ಬಂದಿತ್ತು, ಅದೇ ತೊಂದರೆ. ಶಿಗೆಕೊ ತನ್ನ ಬೆರಳುಗಳನ್ನು ಏಪ್ರನ್ನಿಗೆ ಒರೆಸಿಕೊಂಡಳು. ಒರೆಸಿಕೊಳ್ಳುವಂಥದ್ದು ಅವುಗಳ ಮೇಲೆ ಏನೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಯಾರಿಗೆ ಗೊತ್ತಾಗುತ್ತೆ ಬಿಡಿ. ಸುತ್ತಿ ಕೊಟ್ಟುಬಿಡೋಣ. ತಿಂದು ಬಾಯಿ ಒರೆಸ್ಕೊಂಡು ಹೋಗ್ತಾರೆ" ಎಂದಳು ನೋಬುಯೊ.

"ನನಗೆ ಗೊತ್ತಾಗುತ್ತೆ" ಎಂದು ಜಾಂದೀರಾ ಹಿತ್ತಲ ಬಾಗಿಲು ತೆಗೆದು ಹೋದಳು.

ಸಭಾಭವನದ ಹಿಂದೆ ಮುದುಕರು ಬೆಳೆಸಿದ ಕೋವೆ ಸೊಪ್ಪಿನ ಸಾಲಿದೆ. ನಮ್ಮಲ್ಲಿ ಕಾಳುಸಾರಿನ ಜೊತೆ ಹೆಚ್ಚಿ ಹುರಿಯುವ ಸೊಪ್ಪು. ಅವಳು ತಟ್ಟೆಯಗಲದ ಎಲೆಗಳನ್ನು ತುಂಬಿಕೊಂಡು ಬಂದು, ನಡುವಿನ ದಂಟನ್ನು ಚಾಕುವಿನಿಂದ ಮಟ್ಟಸವಾಗಿ ಸೀಳಿ ತೆಗೆದಳು. ಉಪ್ಪು ನಿಂಬೆ ಸವರಿ ಎರಡು ಅಂಗೈ ನಡುವೆ ಮೆಲ್ಲಗೆ ಉಜ್ಜಿದಳು. ಬೆಂಕಿಯಿಲ್ಲದೆ ಎಲೆ ಮೆತ್ತಗಾಯಿತು, ಬಟ್ಟೆಯ ಹಾಗೆ ಮಡಚಿಕೊಳ್ಳತೊಡಗಿತು. ಬಿದಿರು ಚಾಪೆಯನ್ನು ತಾನೇ ಗೂಡಿನಿಂದ ತೆಗೆದುಕೊಂಡಳು. ಯಾರನ್ನೂ ಕೇಳಲಿಲ್ಲ. ಎಲೆಯ ಮೇಲೆ ಪುಪುನ್ಯಾ, ಅದರ ಮೇಲೆ ಮಾವು, ಬೆಣ್ಣೆಹಣ್ಣು, ಸೌತೆ, ಎಳೆ ಶುಂಠಿ. ಸುತ್ತಿ, ತುದಿ ಕೆಳಗೆ ಮಾಡಿ ಇಟ್ಟಳು.

ಶಿಗೆಕೊ ಪಕ್ಕದಲ್ಲಿ ನಿಂತು ಸುತ್ತಲು ಹೊರಟಳು. ಅನ್ನವನ್ನು ಅದುಮುವ ಕೈ ಅದುಮಿತು, ಪುಪುನ್ಯಾ ನೀರು ಬಿಟ್ಟು ಎರಡೂ ತುದಿಯಿಂದ ಹೊರಬಂತು. ಇನ್ನೊಂದು ಸುತ್ತಿದಳು. ಅದೂ ಹಾಗೇ.

"ಒತ್ತಬೇಡಿ ಅತ್ತೆ. ಹಿಡ್ಕೊಳ್ಳಿ ಅಷ್ಟೇ. ಇದು ಅನ್ನದ ಥರ ಮಾತು ಕೇಳಲ್ಲ" ಎಂದಳು ಜಾಂದೀರಾ, ಮೆಲ್ಲಗೆ, ಬೇರೆಯವರಿಗೆ ಕೇಳದಂತೆ.

ಬೈದಿದ್ದರೆ ಶಿಗೆಕೊಗೆ ಉಸಿರು ಬರುತ್ತಿತ್ತು. ಈ ಮೆಲುದನಿ ಬಿಸಿತುಪ್ಪವಾಯಿತು. ನುಂಗಲಾರಳು, ಉಗುಳಲಾರಳು. ಪಕ್ಕಪಕ್ಕದಲ್ಲಿ ನಿಂತು ಇಬ್ಬರೂ ಹನ್ನೊಂದೂವರೆವರೆಗೆ ಸುತ್ತಿದರು. ಆ ಹೊತ್ತಿನಲ್ಲಿ ತೊಮೊಯೆ ನಾಲ್ಕು ಸಲ ಬಂದು ನಾಲ್ಕು ಸಲವೂ ಸೊಸೆಗೆ ಏನಾದರೂ ಒಂದು ಚುಚ್ಚಿ ಹೋದಳು. ನಾಲ್ಕು ಸಲವೂ ಶಿಗೆಕೊ ಈಗ ಹೇಳುವೆ ಎಂದುಕೊಂಡಳು. ಮೊದಲ ಸಲ ಹೇಳದ ಮಾತು ಎರಡನೆಯ ಸಲಕ್ಕೆ ಎರಡರಷ್ಟು ಭಾರವಾಗಿರುತ್ತದೆ. ನಾಲ್ಕನೆಯ ಸಲಕ್ಕೆ ಅದನ್ನು ಎತ್ತಲು ಆಳು ಬೇಕು.

ಊಟ ಚೆನ್ನಾಯಿತು. ಚೆನ್ನಾಯಿತು ಎನ್ನುವುದು ಕಡಿಮೆಯೇ. ಮೂವತ್ತು ಜನ ಎಲೆಸುರುಳಿಗಳನ್ನು ಕೈಯಲ್ಲೇ ತಿಂದು ತಟ್ಟೆ ಬಳಿದರು. ಅವರ ಮುಂದಾಳು ಸೊಲಾಂಜೆ ಎಂಬಾಕೆ ಎದ್ದು ನಿಂತು ಅಡುಗೆ ಮಾಡಿದವರು ಯಾರು, ಕಣ್ಣಿಂದ ನೋಡಬೇಕು ಎಂದಳು. ಹೆಂಗಸರು ರೂಢಿಯಂತೆ ಶಿಗೆಕೊಳ ಬೆನ್ನಿಗೆ ಕೈಕೊಟ್ಟು ಮುಂದೆ ತಳ್ಳಿದರು. ಜಾಂದೀರಾ ನೀರಿನ ಜಗ್ಗು ಹಿಡಿದು ಗೋಡೆಯ ಹತ್ತಿರ ನಿಂತಿದ್ದಳು.

ಶಿಗೆಕೊ ತಲೆಬಾಗಿದಳು. ಇಷ್ಟು ಜನರ ಮುಂದೆ ಹೇಳಿಬಿಟ್ಟರೆ ಮುಗಿಯಿತು ಎಂದುಕೊಂಡಳು. "ನಾನು ನೋರಿ ಸುಟ್ಟು ಹಾಳು ಮಾಡಿದೆ. ಇದನ್ನೆಲ್ಲ ಮಾಡಿದ್ದು ನನ್ನ ಸೊಸೆ. ನನ್ನದೇನೂ ಇಲ್ಲ, ಕ್ಷಮಿಸಬೇಕು" ಎಂದಳು.

ನೋಬುಯೊ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ನಮ್ಮ ಅಧ್ಯಕ್ಷೆ ಯಾವಾಗ್ಲೂ ಹೀಗೇ. ಯಾರ ತಪ್ಪಾದ್ರೂ ತನ್ನ ತಲೆ ಮೇಲೆ ಹಾಕ್ಕೋತಾಳೆ."

ಚಪ್ಪಾಳೆ ಬಿತ್ತು. ಶಿಗೆಕೊ ಬೆಪ್ಪಾಗಿ ನಿಂತಳು. ಅವಳೇ ಯೋಚಿಸಬೇಕಿತ್ತು. ನಮ್ಮಲ್ಲಿ ಎಂಥ ಊಟ ಬಡಿಸಿದರೂ, ತಿನ್ನುವಂಥದ್ದು ಏನೂ ಇಲ್ಲ, ಉಪ್ಪು ಸರಿಯಿಲ್ಲ, ತಪ್ಪು ನನ್ನದು, ಕ್ಷಮಿಸಿ ಎಂದೇ ಬಡಿಸುವುದು. ಹನ್ನೊಂದು ವರ್ಷದಿಂದ ಪ್ರತಿ ಊಟದ ಕೊನೆಗೂ ಅವಳು ಇದೇ ದನಿಯಲ್ಲಿ, ಇಷ್ಟೇ ತಲೆಬಾಗಿ, ಮಾಡದ ತಪ್ಪುಗಳನ್ನು ಒಪ್ಪಿಕೊಂಡಿದ್ದಳು. ಮಾಡಿದ ತಪ್ಪನ್ನು ಒಪ್ಪಿಕೊಳ್ಳಲು ಬೇರೆ ಮಾತು ಅವಳ ಬಳಿ ಉಳಿದಿರಲಿಲ್ಲ.

ತೊಮೊಯೆಯ ಕಣ್ಣು ಒದ್ದೆಯಾಗಿತ್ತು. ಅವಳು ಜಾಂದೀರಾಳ ಮೊಣಕೈ ಹಿಡಿದು, "ಇಂಥ ಅತ್ತೆ ಸಿಗೋಕೆ ಪುಣ್ಯ ಮಾಡಿರಬೇಕು ಕಣೇ. ತಿಳ್ಕೋ" ಎಂದಳು.

"ಹೌದು ಅಜ್ಜಿ" ಎಂದು ಜಾಂದೀರಾ ತಟ್ಟೆಗಳನ್ನು ಎತ್ತತೊಡಗಿದಳು.

ಅತಿಥಿಗಳು ಹೋದ ಮೇಲೆ ಐವರೂ ಅಡುಗೆಮನೆಯಲ್ಲಿ ನಿಂತರು. ತೊಮೊಯೆ ಸ್ಟೂಲಿನ ಮೇಲೆ ಕೂತು ತೀರ್ಪು ಕೊಟ್ಟಳು. "ಊಟ ಹೇಗೋ ಪಾರಾಯ್ತು. ಆದ್ರೆ ನೋರಿ ಹಾಳಾದ್ಮೇಲೆ ಮಾತು ಮಾತೇ. ಶಿಗೆಕೊ, ಇನ್ನು ಬಿಡ್ತೀನಿ ಅನ್ನಬೇಡ. ಕೈಲಾಗೋ ತನಕ ನೀನೇ. ನಿನ್ನಂಥ ಮನಸ್ಸು ಇನ್ಯಾರಿಗಿದೆ ಇಲ್ಲಿ?"

ಸುಮ್ಮನಿದ್ದರೆ ಎಲ್ಲವೂ ನುಣ್ಣಗೆ ಮುಚ್ಚಿಹೋಗುತ್ತಿತ್ತು. ಸಿಂಕಿನ ಮುಂದೆ ನಿಂತ ಜಾಂದೀರಾ ಬೆನ್ನು ತಿರುಗಿಸಿ ಪಾತ್ರೆ ಉಜ್ಜುತ್ತಿದ್ದಳು, ಒಂಬತ್ತು ವರ್ಷ ಉಜ್ಜಿದ ಹಾಗೆಯೇ. ಆ ಬೆನ್ನನ್ನು ನೋಡಿ ಶಿಗೆಕೊಗೆ ತನ್ನ ಮೇಲೆ ಅಸಹ್ಯ ಹುಟ್ಟಿತು.

ಅವಳು ಈ ಸಲ ತಲೆಬಾಗಲಿಲ್ಲ. ಕ್ಷಮಿಸಿ ಎನ್ನಲಿಲ್ಲ. "ತೊಮೊಯೆ ಅಕ್ಕ, ನೋರಿ ಸುಟ್ಟಿದ್ದು ನಾನು. ಇವಳು ಒಲೆ ಆರಿಸೋಕೆ ಬಂದಿದ್ದಳು. ನೀವು ಇವಳನ್ನ ಬೈತಿದ್ರಿ, ನಾನು ಪಕ್ಕದಲ್ಲೇ ನಿಂತು ಬಾಯಿ ಮುಚ್ಕೊಂಡಿದ್ದೆ. ನಾಲ್ಕು ಸಲ ಬಂದು ಚುಚ್ಚಿದ್ರಿ, ನಾಲ್ಕು ಸಲವೂ ಮುಚ್ಕೊಂಡಿದ್ದೆ. ಅವಮಾನ ಆಗುತ್ತೆ ಅಂತ. ನನಗೆ ಬೇಡ, ಆದ್ರೆ ಅವಳಿಗಾಗ್ಲಿ ಅಂತ."

ವಿನಯದ ಮಾತು ಇಷ್ಟು ದೂರ ಹೋಗುವುದಿಲ್ಲ. ನೋಬುಯೊ ಕೂಡ ನಗಲಿಲ್ಲ. ಸಿಂಕಿನ ನಲ್ಲಿ ನಿಂತಿತು.

ತೊಮೊಯೆ ಸ್ಟೂಲಿನ ಮೇಲೆಯೇ ಶಿಗೆಕೊಳತ್ತ ತಿರುಗಿದಳು. "ನಿಜಾನಾ?"

"ನಿಜ."

"ಬೆಳಗ್ಗೆಯಿಂದ ನನ್ನ ಬಾಯಲ್ಲಿ ಇವಳಿಗೆ ಅಷ್ಟು ಆಡಿಸಿದ್ಯಾ?"

"ಆಡಿಸಿದೆ."

"ಹಾಗಾದ್ರೆ ನೀನು ನಮಗೆ ದೊಡ್ಡವಳಾಗಿ ನಿಲ್ಲೋಕೆ ತಕ್ಕವಳಲ್ಲ."

ಹನ್ನೊಂದು ವರ್ಷ ಕಾದ ಮಾತು ಅದು. ಅಡುಗೆಗೆಂದು ತಲೆಗೆ ಕಟ್ಟಿದ್ದ ಬಿಳಿ ಬಟ್ಟೆಯ ಚೌಕವನ್ನು ಶಿಗೆಕೊ ಬಿಚ್ಚಿ ಮೇಜಿನ ಮೇಲಿಟ್ಟಳು. ಹಗುರಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಮುಖ ಉರಿಯುತ್ತಿತ್ತು, ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಪಾತ್ರೆ ಒಡೆದು ನಿಂತ ಹಾಗಿತ್ತು.

ತೊಮೊಯೆ ಸ್ಟೂಲಿನಿಂದ ಇಳಿದಳು. ಎಂಬತ್ತನಾಲ್ಕರ ಮುದುಕಿ ಸಿಂಕಿನವರೆಗೆ ನಡೆದು, ಕೈ ತೊಡೆಯ ಮೇಲಿಟ್ಟು, ಸೊಂಟ ಎಷ್ಟು ಬಾಗುತ್ತದೋ ಅಷ್ಟು ಜಾಂದೀರಾಳ ಮುಂದೆ ಬಾಗಿದಳು.

"ಏಳಿ ಅಜ್ಜಿ, ಬೆನ್ನು ಹಿಡ್ಕೊಂಡ್ರೆ ಆ ತಪ್ಪೂ ನನ್ನ ಮೇಲೆ ಬರುತ್ತೆ" ಎಂದಳು ಜಾಂದೀರಾ. ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ.

"ಸಂಘನ ನೀನು ವಹಿಸ್ಕೋತೀಯಾ?" ಎಂದಳು ತೊಮೊಯೆ.

ಜಾಂದೀರಾ ಕೈ ಒರೆಸಿಕೊಂಡಳು. ಒಂದೊಂದೇ ಬೆರಳು ಒರೆಸಿಕೊಂಡಳು. "ವಹಿಸ್ಕೋತೀನಿ. ಆದ್ರೆ ಒಂದು ಮಾತು. ಒಂದು ವರ್ಷ ನಮ್ಮತ್ತೆ ಈ ಅಡುಗೆಮನೆ ಒಳಗೆ ಕಾಲಿಡಬಾರದು. ನೀರು ಕುಡಿಯೋಕೂ ಬರಬಾರದು."

ಇದು ಶಿಕ್ಷೆಯೋ ಕರುಣೆಯೋ ಎಂದು ಶಿಗೆಕೊ ಸೊಸೆಯ ಮುಖದಲ್ಲಿ ಹುಡುಕಿದಳು. ಎರಡೂ ಕಾಣಲಿಲ್ಲ. ನಾಲ್ಕಕ್ಕೆ ಎದ್ದ ಹೆಂಗಸಿನ ದಣಿವು ಮಾತ್ರ ಕಂಡಿತು, ಕಣ್ಣಿನ ಕೆಳಗೆ, ಬಾಯಿಯ ಅಂಚಿನಲ್ಲಿ. ಅದರ ಗುರುತು ಅವಳಿಗೆ ಚೆನ್ನಾಗಿತ್ತು.

ಅವಳು ಹೊಸಿಲು ದಾಟಿ ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಒಳಗೆ ನೋಬುಯೊ ಆಗಲೇ ಕೇಳುತ್ತಿದ್ದಳು. "ಜಾಂದೀರಾ, ಜುಲೈ ಹಬ್ಬಕ್ಕೆ ಅಕ್ಕಿ ಎಷ್ಟು ನೆನೆಸೋದು? ಬೆಳಗ್ಗೆ ಮೊದಲು ಬಂದು ಬಾಗಿಲು ತೆಗೆಯೋಳು ನೀನೇ ತಾನೇ ಇನ್ಮೇಲೆ?"

ಬೇಡ ಕಣೇ, ಬೇಡ ಅನ್ನು ಎಂದು ಕೂಗಬೇಕೆನಿಸಿತು ಶಿಗೆಕೊಗೆ. ಆದರೆ ಆ ಬಾಗಿಲೊಳಗೆ ಅವಳ ಮಾತು ಇನ್ನು ನಡೆಯುತ್ತಿರಲಿಲ್ಲ.

"ಹೂಂ, ನಾನೇ" ಎಂದಳು ಒಳಗೆ ಜಾಂದೀರಾ.